ಯಾಕೂಬಸಾಬರ ಬ್ರೇಕ್ ಪರೀಕ್ಷೆ

ಶಹಾಪುರದಲ್ಲಿ ಕಾಲೇಜಿಗೆಂದು ಸೈಕಲ್ ಕೊಳ್ಳಲು ಹೋದವರು ತಾವು ಮೆಚ್ಚಿದ್ದನ್ನು ತಂದದ್ದಿಲ್ಲ. ಅಂಗಡಿಯ ಯಾಕೂಬಸಾಬರು ಕೊಟ್ಟದ್ದನ್ನೇ ತಂದಿದ್ದಾರೆ. ಹುಡುಗಿಯೊಬ್ಬಳು ಗೇರಿನ ಸೈಕಲ್ ಮುಟ್ಟಿದರೆ ಸಾಕು, "ಕಾಲೇಜಿನಾಗ ಗುಡ್ಡ ಎಲ್ಲದವ್ವಾ? ಬಿಡು ಅದನ್ನ" ಎನ್ನುತ್ತಾರೆ. ಕ್ಯಾರಿಯರ್ ಇಲ್ಲದ್ದು ಅವರ ಪಾಲಿಗೆ ಸೈಕಲ್ಲೇ ಅಲ್ಲ: "ಪುಸ್ತಕ ಏನ್ ತಲಿಮ್ಯಾಲ ಹೊರ್ತಿ?" ಹೆಗಲ ಮೇಲಿನ ಓಡ್ನಿ ಸಿಕ್ಕಿಬಿದ್ದೀತೆಂದು ಚೈನಿಗೆ ಕವರ್ ಬೇಕೇ ಬೇಕು; ಟೈರಂತೂ ದಪ್ಪ ಇರಬೇಕು, ಕಾಲೇಜಿನ ಮೈದಾನದ ಜಾಲಿಮುಳ್ಳು ಯಾರ ಮಾತೂ ಕೇಳುವುದಿಲ್ಲ. ಇಷ್ಟಾದ ಮೇಲೆ, "ಕಾಲೇಜಿನ ಸೈಕಲ್ಲಿಗಿ ಕಾಲೇಜಿನಾಗೇ ಪರೀಕ್ಷಾ" ಎಂದು, ಅರವತ್ತು ದಾಟಿದ ಈ ಮನುಷ್ಯ ಪೈಜಾಮದ ಕಾಲು ಮಡಚಿ, ತಾವೇ ಸೈಕಲ್ ಹತ್ತಿ ಎದುರಿನ ಕಾಲೇಜಿನ ಗೇಟು ದಾಟುತ್ತಾರೆ. ನನ್ನ ಮಗಳ ಸೈಕಲ್ ಒಯ್ದವರು ಅರ್ಧ ತಾಸಾದರೂ ಬರಲಿಲ್ಲ. ಸಿಟ್ಟಿನಿಂದ ಹುಡುಕಿಕೊಂಡು ಹೋದೆ. ಸಾಬರು ಕನ್ನಡ ತರಗತಿಯ ಕಿಟಕಿಯ ಹೊರಗೆ ಒಂದು ಕಾಲೂರಿ ನಿಂತು, ಕತ್ತು ವಾಲಿಸಿ ಪಾಠ ಕೇಳುತ್ತಿದ್ದರು. ಕೈ ಮಾತ್ರ ಬ್ರೇಕನ್ನು ಹಿಡಿಯುತ್ತ ಬಿಡುತ್ತ ಇತ್ತು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರು ಅವರು, ಊರಿಗೆಲ್ಲ ಗೊತ್ತು. ನನ್ನನ್ನು ಕಂಡು, "ಬ್ರೇಕ್ ಸ್ವಲ್ಪ ಬಿಗಿ ಆಗ್ಯಾವ್ರಿ" ಎಂದು ತಡವರಿಸಿದರು. ಒಳಗೆ ಪಾಠ ಮಾಡುತ್ತಿದ್ದ ಪರಿಮಳಾ ಮೇಡಂ ನಮ್ಮತ್ತ ನೋಡಿದರು. ಪುಸ್ತಕ ಹಿಡಿದು ಕಿಟಕಿಯ ಹತ್ತಿರ ಬಂದು, ಪದ್ಯವನ್ನು ಮೊದಲಿನಿಂದ ಓದತೊಡಗಿದರು. ನಾನು ಕೆಳಗೆ ಕೂತು ಹಿಂದಿನ ಬ್ರೇಕ್ ನೋಡತೊಡಗಿದೆ.