ಮೂರನೇ ಪುಟಕ್ಕೆ ಜಿಗಿಯುವ ಮುನ್ನ

ಪತ್ರಕರ್ತನಾಗಿ ನಾನು ಅತಿ ಹೆಚ್ಚು ಸಲ ಬರೆದಿರುವುದು ‘ಮೂರನೇ ಪುಟಕ್ಕೆ’ ಎಂಬ ಎರಡು ಪದ. ಸೇಡಂನಲ್ಲಿ ನಾಲ್ಕು ಪುಟದ ವಾರಪತ್ರಿಕೆ ನಡೆಸುವವನಿಗೆ ಮೊದಲ ಪುಟದ ಜಾಗ ಮುಗಿದಾಗ ಅದೇ ಆಸರೆ.

ಈಚೆಗೆ ಕಾಳಗಿಯ ಮಹಾದೇವಿಯವರು ಪತ್ರಿಕೆ ಹಿಡಿದು ಕಚೇರಿಗೆ ಬಂದರು. ಊರೂರು ತಿರುಗಿ ಹೆರಿಗೆ ಮಾಡಿಸುತ್ತಿದ್ದ ಅವರ ತಾಯಿ ತೀರಿಕೊಂಡಿದ್ದರು. ಅವರ ಬಗ್ಗೆ ಪತ್ರಿಕೆಯಲ್ಲಿ ಬರೆದವನು ನಾನೇ. ಮೊದಲ ಪುಟದ ಕೊನೆಯಲ್ಲಿ ಆ ತಾಯಿ ಮಳೆಯಲ್ಲಿ ಚಿಂಚೋಳಿ ಪಕ್ಕದ ಚಂದಾಪುರದ ಬಸ್ಸು ಹತ್ತಿದ್ದರು. ಮುಂದಿನದು ಮೂರನೇ ಪುಟಕ್ಕೆ.

“ಮೂರನೇ ಪುಟದಾಗ ಸೀರಿ ಅಂಗಡಿ ಜಾಹೀರಾತು ಅದರೀ ಸರ್. ನಮ್ಮವ್ವ ಇನ್ನಾ ಬಸ್ಸಿನ್ಯಾಗೇ ಕುಂತಾಳ. ನಾಳಿ ಮನ್ಯಾಗ ಮಂದಿ ಕೂಡ್ತಾರ, ಓದಿ ಹೇಳ್ಬೇಕಂತ ಮಾಡೀನಿ.”

ನಮ್ಮ ಹೊಸ ವೆಬ್‌ಸೈಟಿನಲ್ಲಿ ಈಗಲೇ ಹಾಕುತ್ತೇನೆಂದು ಅವರನ್ನು ಕೂರಿಸಿದೆ. ಆ ಪುಟವನ್ನು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನೇ ಬರೆಯುತ್ತಿದ್ದೆ. ಆ ಭಾಷೆಯಲ್ಲಿ ‘ಗೋಟು’ ಎಂಬ ಆಜ್ಞೆಯಿದೆ. ಹೆಸರಿಟ್ಟ ಜಾಗಕ್ಕೆ ಸೀದಾ ಜಿಗಿ ಎಂದರ್ಥ. ಹಳೆಯ ಗೆಳೆಯ ಸಿಕ್ಕಂತಾಗಿತ್ತು. ಓದುಗರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಯಾವುದನ್ನು ಒತ್ತುತ್ತಾರೋ ಅಲ್ಲಿಗೆ ಜಿಗಿಯಲಿ ಎಂದು, ಗೋಟು ಮುಂದೆ ಊರಿನ ಹೆಸರಿನ ಬದಲು ಆ ಹೆಸರನ್ನು ತುಂಬಿಕೊಳ್ಳುವ ಖಾಲಿ ಡಬ್ಬಿಯೊಂದನ್ನು ಇಟ್ಟಿದ್ದೆ. ಪುಟ ತೆರೆಯಲಿಲ್ಲ.

ವೆಬ್‌ಸೈಟು ನೋಡಿಕೊಳ್ಳುವ ಶಿವಲೀಲಾ ಇಣುಕಿದಳು. “ಡಬ್ಬಿ ನಡ್ಯಂಗಿಲ್ರೀ ಸರ್. ಎಲ್ಲಿಗಿ ಹೋಗ್ಬೇಕು ಅಂತ ಇಲ್ಲೇ ಹೆಸರಿಟ್ಟು ಹೇಳ್ಬೇಕು.”

ಐದು ಊರಿಗೆ ‘ಈ ಊರಾದರೆ’ ಎಂಬ ಐದು ಷರತ್ತು, ಐದು ಜಿಗಿತ ಬರೆದೆ. ಆಗಲೂ ತೆರೆಯಲಿಲ್ಲ. ಮೊದಲ ಸಾಲೂ ಬರಲಿಲ್ಲ. ಬಸ್ಸಿನ ಮುಂದಿನ ಕತೆ ಸೇರಬೇಕಾದ ಚಿಂಚೋಳಿ ಭಾಗವನ್ನು ಆಮೇಲೆ ಟೈಪ್ ಮಾಡಿದರಾಯಿತೆಂದು ಜಿಗಿತ ಮಾತ್ರ ಬರೆದಿದ್ದೆ. ಪತ್ರಿಕೆಯಲ್ಲೂ ಮಾಡಿದ್ದು ಅದನ್ನೇ.

“ನಿಮ್ಮ ಪ್ರೆಸ್ಸು ಭಾಳ ಒಳ್ಳೇದ್ರೀ, ಏನ್ ಕೊಟ್ರೂ ಛಾಪಾ ಹೊಡಿತದ,” ಎಂದಳು ಶಿವಲೀಲಾ.

ನಾನು ಬೆರಗಾಗಿ ಪರದೆ ನೋಡುತ್ತ ಕುಳಿತೆ. ಸಾವಿರ ಸಾಲು ಬರೆದಿರಲಿ, ಇಳಿಯುವ ಒಂದು ಜಾಗ ಇಲ್ಲದಿದ್ದರೆ ಈ ಯಂತ್ರ ಮೊದಲ ಹೆಜ್ಜೆಯನ್ನೇ ಇಡುವುದಿಲ್ಲ. ಮೂವತ್ತು ವರ್ಷದ ನನ್ನ ಸಂಪಾದಕತ್ವದಲ್ಲಿ ಇಷ್ಟು ನಿಷ್ಠುರವಾಗಿ ಕರಡು ತಿದ್ದುವವರು ಸಿಕ್ಕಿರಲಿಲ್ಲ.

ಉಳಿದದ್ದನ್ನು ಟೈಪ್ ಮಾಡಿ ಚಿಂಚೋಳಿ ಎಂದು ಹೆಸರಿಟ್ಟೆ. ಪುಟ ತೆರೆಯಿತು. ಮಹಾದೇವಿಯವರು ಮೊಬೈಲಿನಲ್ಲಿ ತುಟಿಯಾಡಿಸುತ್ತ ಓದಿದರು, ಕೊನೆಗೆ ಸೆರಗಿನಿಂದ ಅದರ ಗಾಜು ಒರೆಸಿದರು.

“ಇಳದ್ಳು ನೋಡ್ರಿ ನಮ್ಮವ್ವ,” ಎಂದರು.

ಈಗ ನಾನು ಮೂರನೇ ಪುಟವನ್ನು ಮೊದಲು ಕಟ್ಟುತ್ತೇನೆ.