ವಿಜಯವಾಡದಲ್ಲೊಂದು ಸಮುದ್ರ

ವಿಜಯವಾಡದ ಹೊರಗಿನ ವಾಟರ್ ಪಾರ್ಕಿನಲ್ಲಿ ದಸರಾ ರಜೆಯ ನೂಕುನುಗ್ಗಲು. ದುಬಾರಿ ಟಿಕೆಟ್ ಕೊಂಡು ಒಳಬಂದರೂ ದೊಡ್ಡ ಜಾರುಬಂಡೆಯ ಸಾಲು ಕದಲಲೇ ಇಲ್ಲ. ಕೊನೆಗೆ, ಅಲೆಗಳ ಕೊಳವೊಂದೇ ಸಾಕೆಂದುಕೊಂಡೆವು.

“ವೈಜಾಗಿನವಳು ಇಲ್ಲಿ ದುಡ್ಡು ಕೊಟ್ಟು ಅಲೆ ನೋಡ್ಬೇಕೇನೋ?” ಬಾಡಿಗೆಯ ನೈಲಾನ್ ಪ್ಯಾಂಟಿನಲ್ಲಿ ನಾಚುತ್ತ ಅಕ್ಕ ಗೊಣಗಿದಳು. ಮದುವೆಯಾಗಿ ಅಲ್ಲಿಗೆ ಹೋದಾಗಿನಿಂದ ಬೀಚಿನಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಪಾದವಷ್ಟೇ ನೆನೆಸಿಕೊಂಡು ಬಂದವಳು ಅವಳು.

ಸೈರನ್ ಕೂಗಿತು. ಎದೆಮಟ್ಟದ ಅಲೆ ಬಂತು. ಅಕ್ಕ ಕಿರುಚಿದಳು, ಮುಳುಗಿದಳು, ನಗುತ್ತಲೇ ಎದ್ದಳು.

ಯಂತ್ರ ನಿಂತು ನೀರು ಸುಮ್ಮನಾದಾಗ, ಮತ್ತೆ ಯಾವಾಗ ಎಂದು ಕಾವಲಿನವನನ್ನು ತೆಲುಗಿನಲ್ಲಿ ಕೇಳಿದಳು. ಇನ್ನೂ ಒಂದು ಗಂಟೆ ಕಾಯಬೇಕಂತೆ.

“ನಮ್ಮ ಸಮುದ್ರ ಹೀಗೆಲ್ಲ ಕಾಯಿಸಲ್ಲ ಕಣೋ,” ಎಂದಳು ಅಕ್ಕ. “ವೈಜಾಗಿಗೆ ಹೋದ್ಮೇಲೆ ಮೊಣಕಾಲವರೆಗೆ ಇಳೀತೀನಿ. ನೀನೂ ಬಂದು ಕೈ ಹಿಡ್ಕೊ.”