ಬಕೆಟ್‌ನಲ್ಲಿ ಹೋದ ಎರಡು ಮೀನು

ನಾವು ಮೀನು ತಿನ್ನುವವರಲ್ಲ, ಸಾಕುವವರು ಮಾತ್ರ. ಮಳಗಿ ಕಡೆಯ ಹೊಲದಲ್ಲಿ ಗೋವಿನಜೋಳಕ್ಕೆಂದು ತೋಡಿಸಿದ ಹೊಂಡದಲ್ಲಿ ಯಜಮಾನರು ತಿಲಾಪಿಯಾ ಮರಿ ಬಿಟ್ಟಾಗ ಬೀಗರೊಬ್ಬರು ಚುಚ್ಚಿದ್ದರು: "ಕೊಳ್ಳಾಗ ಲಿಂಗ, ಹೊಂಡದಾಗ ಮೀನ. ಛಲೋ ಆತು ಬಿಡ್ರಿ!" ಆಗ ನಕ್ಕಿದ್ದೆವು.

ಈಚೆಗೆ ಮೀನು ಮೇವಿಗೆ ಬರುವುದನ್ನು ಬಿಟ್ಟವು. ದಂಡೆಗೆ ಬಂದು ಸುಮ್ಮನೆ ನಿಲ್ಲುತ್ತಿದ್ದವು. ಮೈ ಕಪ್ಪಗಾಗಿ ಕಣ್ಣು ಊದಿ ಮಬ್ಬಾಗಿತ್ತು. ಆಮೇಲೆ ಹೊಟ್ಟೆ ಮೇಲಾಗಿ ತೇಲತೊಡಗಿದವು. ಮುಂಡಗೋಡದಿಂದ ಬಂದ ಮೀನುಗಾರಿಕೆ ಸಾಹೇಬರು ಒಂದನ್ನು ತಿರುಗಿಸಿ ನೋಡಿ, ಪರೀಕ್ಷೆಗೆಂದು ಕೆಲವನ್ನು ತೆಗೆದುಕೊಂಡರು.

"ವೈರಸ್ ಇದ್ದಂಗ ಕಾಣ್ತೈತ್ರಿ. ಲ್ಯಾಬಿನವ್ರು ಖಾತ್ರಿ ಮಾಡ್ಬೇಕು. ಇದಕ್ಕ ಔಷಧ ಇಲ್ಲ. ಮನಷ್ಯಾರಿಗೆ ಏನೂ ಆಗೂದಿಲ್ಲ, ಆದ್ರ ಈ ಹೊಂಡದಾಗ ಮೀನ ಹಿಡಿಯೂ ಬಲಿ, ಬಕೆಟ್, ನೀರು ಯಾವ್ದೂ ಇನ್ನೊಂದು ಹೊಂಡಕ್ಕ ಹೋಗಬಾರ್ದು. ಏನರ ಹೋಗೇತೇನ್ರಿ?"

"ಇಲ್ರಿ" ಅಂದೆ.

ಬದುವಿನ ಮೇಲೆ ಕೂತಿದ್ದ ಅತ್ತೆ ಬಾಯಿ ತೆರೆದರು. "ನಿನ್ನ ಗೆಳತಿ ನಾವು ಇಸ್ಕೊಂಡಿದ್ದ ತನ್ನ ಬಕೆಟ್ ಒಯ್ಯಾಕ ಬಂದಿದ್ಲಲ್ಲ, ಅದರಾಗ ಎರಡು ಮೀನ ಹಾಕಿ ಕೊಟ್ಟೇನಿ. ಬರೀ ಬಕೆಟ್ ಹೆಂಗ ಕೊಡೂದು?"

ನಿಮಗೂ ಗೊತ್ತಲ್ಲ, ನಮ್ಮ ಕಡೆ ಯಾರ ಪಾತ್ರೆಯೂ ಖಾಲಿ ಹಿಂತಿರುಗುವುದಿಲ್ಲ. ಚೂರು ಸಕ್ಕರೆ, ಒಂದು ಹಿಡಿ ಶೇಂಗಾ, ಏನಾದರೂ ಇರಲೇಬೇಕು.

"ಸಕ್ರಿ ಹಾಕಿದ್ರ ಆಗ್ತಿದ್ದಿಲ್ಲೇನ್ರಿ ಅತ್ತಿ?"

"ಮೀನಿನ ಬಕೆಟ್‌ನ್ಯಾಗ ಸಕ್ರಿ ಹಾಕ್ತಾರೇನ ಯಾರರ? ಜೀವ ಅದಾವ, ಕೊಲ್ಲಬ್ಯಾಡ, ನಿನ್ನ ಹೊಂಡಕ್ಕ ಬಿಡು ಅಂತ ಹೇಳೇ ಕಳಿಸೇನಿ. ಪುಣ್ಯ ಬರ್ತೈತಿ."

ಆ ಗೆಳತಿ ಕಾಡಂಚಿನ ಸಿದ್ದಿ ಕೇರಿಯವಳು. ಮಗಳ ಮದುವೆ ಗೊತ್ತಾಗಿದೆ. ಇಡೀ ಕೇರಿಗೆ ತನ್ನ ಹೊಂಡದ ಮೀನಿನದೇ ಊಟ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಳು. ಫೋನ್ ಹಚ್ಚಿದೆ. ಅಲ್ಲಿ ರೇಂಜ್ ಎಲ್ಲಿಂದ ಬರಬೇಕು! ಕಾಲು ತೊಳೆದು, ಬೇರೆ ಚಪ್ಪಲಿ ಹಾಕಿಕೊಂಡು ಸ್ಕೂಟಿ ಹತ್ತಿದೆ. ಬಿಟ್ಟಳೋ, ಬೇಯಿಸಿದಳೋ? ಜನ್ಮದಲ್ಲಿ ಮೊದಲ ಸಲ, ಮೀನನ್ನು ಕೊಂದು ತಿಂದಿರಲಿ ಶಿವನೇ ಎಂದು ಬೇಡಿಕೊಂಡೆ.

ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕೂತ್ಕೊ ಅನ್ನುವುದಕ್ಕೂ ಬಿಡದೆ ಕೇಳಿದೆ, "ಆ ಮೀನ ಏನ್ ಮಾಡಿದೀ?"

"ನಿಮ್ಮತ್ತಿಗೆ ಹೇಳಬ್ಯಾಡವ ಮತ್ತ. ಅವತ್ತ ಸಾರು ಮಾಡಿದ್ವಿ. ಮುದುಕಿ ಪುಣ್ಯ ಪುಣ್ಯ ಅಂತಿತ್ತು, ಪುಣ್ಯದಾಗ ಉಪ್ಪು ಖಾರ ಎಲ್ಲಿ ಇರ್ತೈತಿ?"

ಅವಳನ್ನು ತಬ್ಬಿಕೊಂಡುಬಿಟ್ಟೆ. "ಏನಾತ ನಿನಗ, ಹುಚ್ಚೀ" ಎಂದು ಒದ್ದೆ ಕೈಯಲ್ಲೇ ತಳ್ಳಿದಳು. ಎಲ್ಲ ಹೇಳಿದೆ. ಹೇಳುತ್ತಿದ್ದಂತೆ ಅವಳ ಮುಖ ಬದಲಾಯಿತು.

"ಬಕೆಟ್‌ನ್ಯಾಗಿನ ನೀರು?" ಅಂದೆ.

"ಹೊಂಡಕ್ಕ ಸುರುವಿದೆ. ಮೀನಿನ ನೀರು ಮೀನಿಗೇ ಇರ್ಲಿ ಅಂತ."

ಇಬ್ಬರೂ ಹೊಂಡದ ಕಡೆ ನಡೆದೆವು. ನಾನು ದೂರದಲ್ಲೇ ನಿಂತೆ. ಅವಳು ಒಂದು ಹಿಡಿ ತೌಡು ಎರಚಿದಳು. ನೀರೆಲ್ಲ ಕುದಿಯುವಂತೆ ಮೀನು ಮೇಲೆದ್ದವು. "ನೋಡು, ಎಷ್ಟ್ ಹಸದಾವ" ಅಂದಳು. ದನಿಯಲ್ಲಿ ಧೈರ್ಯವಿರಲಿಲ್ಲ. ಹೊರಟಾಗ, ಬರಿಗೈಲಿ ಹೋಗಬಾರದು ಎಂದು ಉಪ್ಪಿನಕಾಯಿ ತುಂಬಿದ ಸ್ಟೀಲ್ ಡಬ್ಬಿ ಕೊಟ್ಟಳು.

ನಮ್ಮ ಮೀನಿಗೆ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಲ್ಯಾಬಿನ ಉತ್ತರ ಇನ್ನೂ ಬಂದಿಲ್ಲ. ಗೆಳತಿ ಮಾತ್ರ ದಿನಾ ಬೆಳಿಗ್ಗೆ ತೌಡು ಎರಚಿ, ರೇಂಜ್ ಸಿಗುವ ದಿಬ್ಬ ಹತ್ತಿ ಫೋನ್ ಮಾಡುತ್ತಾಳೆ. "ಬಂದ್ವು" ಅನ್ನುತ್ತಾಳೆ. ಅದನ್ನು ಕೇಳಿದ ಮೇಲೆಯೇ ನನಗೆ ಚಹಾ ಒಳಗಿಳಿಯುವುದು.

ಇವತ್ತು "ಬಂದ್ವು" ಅಂದವಳು ಫೋನ್ ಇಡಲಿಲ್ಲ.

"ಒಂದು ಮಾತ್ರ ದಂಡಿಗೆ ನಿಂತೈತಿ. ತೌಡಿಗೆ ಬರವಲ್ದು."

"ಕಣ್ಣು ಹೆಂಗೈತಿ?"

"ಬಗ್ಗಿ ನೋಡಾಕ ಧೈರ್ಯ ಆಗವಲ್ದವ. ನೀನ ಬಾ."

ಸ್ಕೂಟಿ ಕೀಲಿ ಹುಡುಕುತ್ತಿದ್ದೆ. ಅತ್ತೆ ಒಳಗಿನಿಂದ ಆ ಉಪ್ಪಿನಕಾಯಿ ಡಬ್ಬಿ ತಂದರು. ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿಟ್ಟಿದ್ದರು.

"ಅಕಿ ಡಬ್ಬಿ ಕೊಟ್ಟು ಬಾ" ಎಂದರು. ಮುಚ್ಚಳ ಒತ್ತಿ ಹಾಕಿ, "ಬರೀ ಡಬ್ಬೀನ ಕೊಡು."